ಕಳವಲ್ಲ, ಕಳೆದಿದ್ದು

ಜೈಲಲ್ಲಿ ಮೊಬೈಲ್ ಸಿಕ್ಕ ಸುದ್ದಿ ಬಂದಾಗಲೆಲ್ಲ ನಾನು ಪೇಪರನ್ನು ಕಣ್ಣಿನ ಹತ್ತಿರ ಹಿಡಿದು ಫೋಟೋ ನೋಡುತ್ತೇನೆ. ಸಾಲಾಗಿ ಜೋಡಿಸಿಟ್ಟ ಫೋನುಗಳಲ್ಲಿ ನನ್ನದೂ ಇರಬಹುದಾ ಅಂತ. ಗುರುತು ಹೇಳಿಬಿಡುತ್ತೇನೆ: ಕವರಿನ ಒಂದು ಮೂಲೆ ಕಿತ್ತಿದೆ. ಒಳಗೆ ಹತ್ತು ರೂಪಾಯಿ ನೋಟು, ಚಾಮುಂಡಿ ತಾಯಿ ಫೋಟೋ.

ಮಂಡ್ಯದಲ್ಲಿ ಬಸ್ ಹತ್ತುವಾಗ ಜೇಬಲ್ಲಿತ್ತು. ಮೈಸೂರಲ್ಲಿ ಇಳಿದಾಗ ಜೇಬು ಮಾತ್ರ ಇತ್ತು. ಒಂದು ಠಾಣೆಗೆ ಹೋದೆ. ಹೆಸರು ಬೇಡ, ಬಾಗಿಲಲ್ಲಿ ‘ಜನಸ್ನೇಹಿ’ ಅಂತ ಬೋರ್ಡಿದೆ, ಸಾಕು. ಸ್ನೇಹಿತರ ಮನೆಗೆ ಬರಿಗೈಲಿ ಹೋಗಬಾರದು ಅಲ್ವಾ? ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಬಿಳಿ ಹಾಳೆ ತಗೊಂಡೇ ಒಳಗೆ ಹೋದೆ.

“ಹತ್ತುವಾಗ ಇತ್ತಾ?” ಅಂದರು ರೈಟರ್.

“ಇತ್ತು ಸಾರ್.”

“ಶ್ರೀರಂಗಪಟ್ಟಣದಲ್ಲಿ?”

“ನಿದ್ದೆ ಬಂದಿತ್ತು ಸಾರ್.”

“ನೋಡಿ ಮತ್ತೆ!”

ಅಲ್ಲಿಗೆ ತಪ್ಪು ಯಾರದು ಅಂತ ತೀರ್ಮಾನವಾಯಿತು. ಎಲ್ಲಿ ಕಳವಾಯಿತೋ ಆ ಠಾಣೆಗೆ ಹೋಗಬೇಕಂತೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಕಳವು ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ದೂರು ತಗೋಬೇಕು. ಅದಕ್ಕೆ ಜೀರೋ ಎಫ್‌ಐಆರ್ ಅಂತಾರೆ. ಧೈರ್ಯ ಮಾಡಿ ಹೇಳಿಯೂ ಹೇಳಿದೆ. ನನ್ನ ಪಾಲಿಗೆ ಜೀರೋ ಬಂತು, ಎಫ್‌ಐಆರ್ ಬರಲಿಲ್ಲ.

ಕೊನೆಗೆ ಅವರೇ ದಾರಿ ತೋರಿಸಿದರು. “ಕಳವಾಗಿದೆ ಅಂತ ಯಾಕೆ ಬರೀತೀರಿ? ಕಳೆದುಹೋಗಿದೆ ಅಂತ ಬರೀರಿ. ಬೇಗ ಆಗುತ್ತೆ.” ಎಂಥ ಕನ್ನಡ ಪಾಂಡಿತ್ಯ! ಒಂದೇ ಪದ ತಿದ್ದಿದ್ದಕ್ಕೆ ನಾಡಿನಲ್ಲಿ ಒಬ್ಬ ಕಳ್ಳ ಕಡಿಮೆಯಾದ, ಒಬ್ಬ ಮರೆಗುಳಿ ಜಾಸ್ತಿಯಾದ.

ಟೋಪಿ ವಿಷಯಕ್ಕೆ ಬರುತ್ತೇನೆ. 2025ರ ಅಕ್ಟೋಬರಿನಲ್ಲಿ ಕಾನ್‌ಸ್ಟೇಬಲ್‌ಗಳ ಸ್ಲೋಚ್ ಹ್ಯಾಟ್ ಹೋಗಿ ಪೀಕ್ ಕ್ಯಾಪ್ ಬಂತು. ಒಳ್ಳೇದೇ ಆಯಿತು, ಸುಮ್ನೆ ಹೇಳ್ತಿಲ್ಲ. ಆ ಹಳೇ ಟೋಪಿ ಹಾಕಿಕೊಂಡು ಓಡುವವರು ಕಳ್ಳನನ್ನು ಹಿಡಿಯಬೇಕಾ, ಟೋಪಿ ಹಿಡಿಯಬೇಕಾ? ಬಿಸಿಲಲ್ಲಿ ಬಂದೋಬಸ್ತಿಗೆ ನಿಂತವರ ಕಷ್ಟ ನಮಗೂ ಗೊತ್ತು. ಅವರ ಟೋಪಿ ಬದಲಾಯಿತು. ನಮಗೆ ಹಾಕುವುದು ಇನ್ನೂ ಹಳೇದೇ.

ಇನ್ನು ಜೈಲು. ನಮ್ಮ ಜನ ಅದಕ್ಕೆ ಮಾವನ ಮನೆ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. 2024ರ ಆಗಸ್ಟಿನಲ್ಲಿ ಪರಪ್ಪನ ಅಗ್ರಹಾರದಿಂದ ಬಂದ ಫೋಟೋ ಮರೆತಿಲ್ಲ ತಾನೇ? ಹುಲ್ಲಿನ ಮೇಲೆ ಕುರ್ಚಿ, ಕೈಯಲ್ಲಿ ಕಾಫಿ ಮಗ್, ಸಿಗರೇಟು. ಮರುವರ್ಷ ನವೆಂಬರಿನಲ್ಲಿ ಅಲ್ಲಿಂದಲೇ ಮೊಬೈಲು, ಟಿವಿಯ ವಿಡಿಯೋ. ಮಂಗಳೂರಲ್ಲಂತೂ ಜೈಲಿಗೆ ಜಾಮರ್ ಹಾಕಿದರೆ ಸುತ್ತಮುತ್ತಲಿನ ಅಂಗಡಿಯವರ ಫೋನ್ ಸತ್ತುಹೋಗಿ ಗಲಾಟೆಯೇ ಆಯಿತು. ಕಂಬಿ ಎಣಿಸೋದು ಈಗ ಹೊರಗಿನವರ ಕೆಲಸ. ಫೋನಿನ ಮೂಲೆಯಲ್ಲಿ ಸಿಗ್ನಲ್ ಕಂಬಿ ಎಷ್ಟಿವೆ ಅಂತ.

ಆದರೆ ಮಾವನ ಮನೆಯಲ್ಲಿ ಎಲ್ಲರೂ ಅಳಿಯಂದಿರಲ್ಲ. ನಮ್ಮ ಮೈಸೂರು ಜೈಲಿನ ಬೇಕರಿಯಲ್ಲಿ ಹೊಸ ವರ್ಷದ ಕೇಕಿಗೆ ತಂದಿದ್ದ ಎಸೆನ್ಸ್ ಕುಡಿದು, 2025ರ ಜನವರಿಯಲ್ಲಿ ಮೂವರು ಕೈದಿಗಳು ಸತ್ತರು. ಕಾವಲು, ಕ್ಯಾಮೆರಾ, ಬೀಗ ಎಲ್ಲ ಇರುವ ಜಾಗ ಅದು. ಇದರಲ್ಲಿ ತಮಾಷೆ ಮಾಡೋಕೆ ನನಗೆ ಏನೂ ಸಿಗುತ್ತಿಲ್ಲ. ಒಂದು ವಾರ ಸುದ್ದಿ ಓಡಿತು. ಆಮೇಲೆ ಯಾರು ಕೇಳಿದರು?

ಇರಲಿ, ನನ್ನ ಫೋನು. ಬ್ಲಾಕ್ ಮಾಡಿಸಲು ದೂರಿನ ಪ್ರತಿ ಬೇಕು, ಐಎಂಇಐ ಅನ್ನೋ ಫೋನಿನ ಗುರುತಿನ ನಂಬರ್ ಬೇಕು, ಮೇಲೆ ಒಟಿಪಿ. “ಒಟಿಪಿ ಫೋನಿಗೆ ಬರುತ್ತೆ” ಅಂದರು. ಯಾರ ಫೋನಿಗೆ ಅಂತ ನಾನು ಕೇಳಲಿಲ್ಲ. ಐಎಂಇಐ ಫೋನಿನ ಬಾಕ್ಸ್ ಮೇಲಿರುತ್ತೆ, ತಗೊಂಬನ್ನಿ ಅಂದರು. ಆ ಬಾಕ್ಸಿನಲ್ಲಿ ನಮ್ಮಮ್ಮ ಸೂಜಿ ದಾರ ಇಟ್ಟುಕೊಂಡಿದ್ದಾರೆ. ಮಾರನೇ ದಿನ ಹಾಗೇ ಎತ್ತಿಕೊಂಡು ಹೋದೆ.

ರೈಟರ್ ಮುಚ್ಚಳ ತೆಗೆದರು. ನಂಬರ್ ನೋಡಲಿಲ್ಲ, ಸೂಜಿ ನೋಡಿದರು. ಅವರ ಅಂಗಿಯ ಎರಡನೇ ಗುಂಡಿ ಕಿತ್ತು ದಾರದಲ್ಲಿ ನೇತಾಡುತ್ತಿತ್ತು.

“ಖಾಕಿ ದಾರ ಇದೆಯಾ?”

ಬಿಳಿ ಇತ್ತು. ಪರವಾಗಿಲ್ಲ ಅಂದರು. ನಾನು ಬೆಂಚಿನ ಮೇಲೆ ಕೂತೆ. ನನ್ನ ಅರ್ಜಿಗೆ ಸೀಲು ಬಿದ್ದಿದ್ದು ಗುಂಡಿ ಹೊಲಿದಾದ ಮೇಲೆ.