ಕೋಳಿಯ ಪಾಲಿನ ಬೆಳ್ಳುಳ್ಳಿ

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರಾ ಅಂತ ಗಾದೆ ಇದೆ. ನಮ್ಮ ಹಿತ್ತಲಲ್ಲಿ ಕೇಳುವುದಿಲ್ಲ ನಿಜ, ಆದರೆ ಜಜ್ಜಿದ್ದನ್ನು ಕೋಳಿಯ ಮುಂದೆಯೇ ಇಡುತ್ತೇವೆ. ಪೂರ್ತಿ ಮಸಾಲೆ ಅಲ್ಲ, ಬರೀ ಬೆಳ್ಳುಳ್ಳಿ.

ನಾಟಿ ಕೋಳಿ ಸಾಕಿದ ಮನೆಗಳಿಗೆ ಇದು ಹೊಸದೇನಲ್ಲ. ಜಡಿಮಳೆ ಹಿಡಿದರೆ ಸಾಕು, ನಮ್ಮ ಅತ್ತೆ ಒಳಗಿನಿಂದಲೇ ಕೂಗುತ್ತಾರೆ: "ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ನುಚ್ಚಿಗೆ ಕಲಸಿ ಹಾಕವ್ವ." ಯಾವ ಹೇಂಟೆಯೂ ತೂಕಡಿಸುತ್ತಿರಬೇಕು ಅಂತೇನಿಲ್ಲ. ನಮಗೆ ನೆಗಡಿ ಬರುವ ಮುಂಚೆಯೇ ಬೆಳ್ಳುಳ್ಳಿ ಸಾರು ಕುದಿಯುತ್ತದಲ್ವಾ, ಅದೇ ಲೆಕ್ಕ.

ಇಡೀ ಎಸಳಿಗೆ ಅಂಥ ವಾಸನೆ ಇರುವುದಿಲ್ಲ. ಕಲ್ಲಿನ ಏಟು ಬಿದ್ದಾಗಲೇ ಒಳಗೆ ಬೇರೆ ಬೇರೆ ಕೂತಿದ್ದ ಅಲಿಯಿನ್ ಎಂಬ ರಾಸಾಯನಿಕ ಮತ್ತು ಒಂದು ಕಿಣ್ವ ಕೂಡಿಕೊಂಡು ಅಲಿಸಿನ್ ಹುಟ್ಟುವುದು. ಮೂಗಿಗೆ ಹೊಡೆಯುವುದೂ ಅದೇ, ರೋಗಾಣುಗಳ ಜೊತೆ ಗುದ್ದಾಡುವುದೂ ಅದೇ. ಅದಕ್ಕೇ ಜಜ್ಜಿ ಒಂದು ಹತ್ತು ನಿಮಿಷ ಸುಮ್ನೆ ಬಿಡುತ್ತೇವೆ. ಅಷ್ಟರಲ್ಲಿ ಮನೆಯವರಿಗೆಲ್ಲ ಹಸಿವು. ಇವತ್ತು ಏನು ಸಾರು ಅಂತ ಇಣುಕಿದವರಿಗೆ, ಇದು ನಿಮ್ಮದಲ್ಲ, ಕೋಳಿಯದು ಅಂತ ಹೇಳಿ ಕಳಿಸಬೇಕು. 2024ರ ಶುರುವಿನಲ್ಲಿ ಬೆಳ್ಳುಳ್ಳಿ ಕೆ.ಜಿ.ಗೆ 400 ರೂಪಾಯಿ ದಾಟಿತ್ತಲ್ಲ, ಆಗ ನಮ್ಮ ಒಗ್ಗರಣೆ ತೆಳುವಾಯಿತೇ ಹೊರತು ಕೋಳಿಯ ಪಾಲು ತಪ್ಪಲಿಲ್ಲ.

ಕೋಳಿಗೆ ನಮ್ಮಷ್ಟು ನಾಲಿಗೆ ರುಚಿ ಇಲ್ಲ. ಮೆಣಸಿನಕಾಯಿಯಂತೂ ಖಾರವೇ ಹತ್ತುವುದಿಲ್ಲ. ಆದರೂ ಬೆಳ್ಳುಳ್ಳಿ ಎದುರಿಗೆ ಬಂದರೆ ಮೊದಲು ಅನುಮಾನ. ತಲೆ ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡುತ್ತದೆ. ಎತ್ತುತ್ತದೆ, ಕೊಡವಿ ಬಿಸಾಡುತ್ತದೆ, ಕೊಕ್ಕನ್ನು ಆ ಕಡೆ ಈ ಕಡೆ ನೆಲಕ್ಕೆ ಉಜ್ಜುತ್ತದೆ. ಬಿಸಾಡಿದ ಆ ಚೂರನ್ನು ಇನ್ನೊಂದು ಕಚ್ಚಿಕೊಂಡು ಓಡಿತೋ, ಮುಗೀತು. ಬಿಸಾಡಿದ್ದೇ ಮೊದಲು ಬೆನ್ನಟ್ಟುತ್ತದೆ. ಉಳಿದವೂ ಹಿಂದೆ. ಕಾಲಬುಡದಲ್ಲಿ ನುಚ್ಚು ರಾಶಿ ಬಿದ್ದಿದ್ದರೂ ಬೇಕಾಗಿರುವುದು ಪಕ್ಕದವಳ ಬಾಯಲ್ಲಿರುವುದೇ.

ಹಾಗಂತ ಸುರಿಯಬಾರದು. ಬೆಳ್ಳುಳ್ಳಿಯೂ ಈರುಳ್ಳಿ ಕುಲದ್ದೇ, ಜಾಸ್ತಿಯಾದರೆ ರಕ್ತದ ಕೆಂಪು ಕಣಗಳಿಗೆ ಏಟು. ಇನ್ನು ಕೊಕ್ಕರೆ ರೋಗದ ಮುಂದೆ ಎಷ್ಟು ಗಡ್ಡೆ ಜಜ್ಜಿದರೂ ಅಷ್ಟೇ. ಊರಿಗೆ ಊರೇ ಗೂಡು ಖಾಲಿ ಮಾಡುವ ರೋಗ ಅದು. ಅದಕ್ಕೆ ಲಸಿಕೆಯೇ ಆಗಬೇಕು. ಅತ್ತೆಗೆ ಇದು ಚೆನ್ನಾಗಿ ಗೊತ್ತು. ಮರಿಗಳಿಗೆ ವಾರ ತುಂಬುವ ಹೊತ್ತಿಗೆ ಐಸ್ ತುಂಬಿದ ಫ್ಲಾಸ್ಕಿನಲ್ಲಿ ಲಸೋಟಾ ಎಂಬ ಆ ಲಸಿಕೆ ತರಿಸುತ್ತಾರೆ. ಒಂದೊಂದೇ ಮರಿಯನ್ನು ಅಂಗೈಯಲ್ಲಿ ಹಿಡಿದು, ಕಣ್ಣಿಗೆ ಒಂದು ಹನಿ ಬಿಟ್ಟು, ಅದು ರೆಪ್ಪೆ ಬಡಿಯುವ ತನಕ ಕಾಯುತ್ತಾರೆ. ಮುಂದೆ ಮರಿಗಳೆಲ್ಲ ದಷ್ಟಪುಷ್ಟವಾಗಿ ಓಡಾಡುವಾಗ ಅಕ್ಕಪಕ್ಕದವರು ಏನು ಹಾಕ್ತೀರಿ ಅಂತ ಕೇಳಿದರೆ ಮಾತ್ರ ಒಂದೇ ಉತ್ತರ: "ಬೆಳ್ಳುಳ್ಳಿ."

ಬೆಂಗಳೂರಿನಿಂದ ಬಂದ ನೆಂಟರಿಗೆ ಇನ್ನೊಂದು ಚಿಂತೆ. ಮೊಟ್ಟೆಗೂ ವಾಸನೆ ಬರಲ್ವಾ? ಒಂದೆರಡು ಎಸಳಿಗೆ ಏನೂ ಬರುವುದಿಲ್ಲ ಅಂದರೂ ನಂಬಿಕೆ ಇಲ್ಲ. ಒಡೆದು, ಮೂಸಿ, ಸಮಾಧಾನ ಮಾಡಿಕೊಂಡು, ಆಮ್ಲೆಟ್‌ಗೆ ಸ್ವಲ್ಪ ಬೆಳ್ಳುಳ್ಳಿ ಹಾಕಿ ಅತ್ತೆ, ಘಮ್ಮಂತಿರುತ್ತೆ ಅನ್ನುತ್ತಾರೆ.