ಕೆಲಸ ಕೊಡಿಸುವುದಕ್ಕಿಂತ ಕೆಲಸ ಇದೆ ಎಂದು ಹೇಳುವುದು ದೊಡ್ಡದು

ಉಡುಪಿ, ಮಂಗಳೂರು ಕಡೆಯಿಂದ ಬಂದು ದುಬೈಯಲ್ಲಿ ನೆಲೆಸಿದ ಯಾರ ಫೋನ್ ತೆಗೆದು ನೋಡಿದರೂ ಈ ಮೆಸೇಜ್ ಇದ್ದೇ ಇರುತ್ತದೆ: "ಅಣ್ಣಾ, ನಿಮ್ಮಲ್ಲಿ ಏನಾದ್ರೂ ಕೆಲಸ ಉಂಟಾ?" ಜೊತೆಗೆ ಒಂದು ಬಯೋಡೇಟಾ. ಎಷ್ಟೋ ಸಲ ಅದನ್ನು ಕಳಿಸಿದ್ದು ಹುಡುಗನಲ್ಲ, ಅವನ ಮಾವ. ಹುಡುಗ ಏನು ಕಲಿತಿದ್ದಾನೆ, ಯಾವ ಕೆಲಸ ನೋಡುತ್ತಿದ್ದಾನೆ ಎಂದು ಕೇಳಿದರೆ "ಯಾವುದಾದ್ರೂ ಆಗ್ತದೆ" ಎನ್ನುತ್ತಾರೆ.

ಇದಕ್ಕೆ ಸಿಡುಕುವ ಗೆಳೆಯರು ನನಗಿದ್ದಾರೆ. ನಾನು ಸಿಡುಕುವುದಿಲ್ಲ. ಕರಾವಳಿಯವರಿಗೆ ಕೆಲಸ ಸಿಕ್ಕಿದ್ದೇ ಹೀಗೆ ಅಲ್ವಾ? ಮುಂಬೈಗೆ ಹೋದ ಹುಡುಗ ಊರಿನವರದೇ ಹೋಟೆಲಿನಲ್ಲಿ ಹಗಲು ದುಡಿದ, ಅಲ್ಲೇ ಮಲಗಿದ, ರಾತ್ರಿ ಕನ್ನಡ ಶಾಲೆಗೆ ಹೋಗಿ ಕಲಿತ. ಊರಲ್ಲೇ ಉಳಿದವರಿಗೆ ಬ್ಯಾಂಕು ಇತ್ತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್. 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಒಂದೇ ಸೀಮೆಯಲ್ಲಿ ಇಷ್ಟು ಬ್ಯಾಂಕು ಹುಟ್ಟಿದಾಗ "ಅವರ ಹತ್ತಿರ ಒಂದು ಮಾತು ಹೇಳಿ" ಎನ್ನುವುದು ಮನೆಮನೆಯ ಮಾತಾಯಿತು. ಮುಂದೆ ಕರ್ಣಾಟಕ ಒಂದು ಬಿಟ್ಟು ಉಳಿದ ಬ್ಯಾಂಕುಗಳು ಸರ್ಕಾರದ ಕೈಗೆ ಹೋದವು, ಪರೀಕ್ಷೆ ಬಂತು, ಒಂದು ಮಾತಿನ ಬಲ ಇಳಿಯಿತು. 2019 ಮತ್ತು 2020ರ ವಿಲೀನದಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಎಂಬ ಬೋರ್ಡುಗಳೇ ಇಳಿದವು. ಕೇಳುವ ಅಭ್ಯಾಸ ಮಾತ್ರ ಉಳಿಯಿತು. ಅದು ಬ್ಯಾಂಕಿನಿಂದ ಗಲ್ಫ್‌ಗೆ ತಿರುಗಿತು.

ಆ ಪದ್ಧತಿಯಲ್ಲಿ ಒಂದು ಗಟ್ಟಿ ಗುಣ ಇತ್ತು. ಮಾತು ಹೇಳಿದವನು ಜವಾಬ್ದಾರನಾಗುತ್ತಿದ್ದ. ಹುಡುಗ ಸರಿ ಇಲ್ಲದಿದ್ದರೆ ಕೆಲಸ ಕೊಟ್ಟವನು ಬಂದು ಕೇಳುವುದು ಅವನನ್ನೇ. ಧಣಿ ಸಂಬಳ ಕೊಡದಿದ್ದರೆ ಹುಡುಗನ ತಾಯಿ ಹೋಗಿ ಕೇಳುವುದೂ ಅವನ ಮನೆಯಲ್ಲೇ. ಹಾಗಾಗಿ ಇಬ್ಬರನ್ನೂ ಅಳೆದು ನೋಡಿಯೇ ಬಾಯಿ ಬಿಡುತ್ತಿದ್ದ. "ಅಲ್ಲಿ ಹೋಗ್ಬೇಡ, ಆ ಜನ ಸರಿ ಇಲ್ಲ" ಎಂಬ ಒಂದು ಮಾತು ಎಷ್ಟು ಹುಡುಗರನ್ನು ಉಳಿಸಿದೆಯೋ.

ಆದರೆ ಒಂದು ವಿಷಯವನ್ನು ನಾವು ಯಾರೂ ಜೋರಾಗಿ ಹೇಳುವುದಿಲ್ಲ. ಆ ಮಾತು ಎಲ್ಲರಿಗೂ ಸಿಗುತ್ತಿರಲಿಲ್ಲ. ಈಗಲೂ ಸಿಗುವುದಿಲ್ಲ. ಇಲ್ಲಿ ದುಬೈಯಲ್ಲಿ ನಮ್ಮ ಸಂಘಗಳು ಹೆಚ್ಚಾಗಿ ಸಮುದಾಯದ ಲೆಕ್ಕದಲ್ಲಿವೆ. ಬಂಟರಿಗೊಂದು, ಬಿಲ್ಲವರಿಗೊಂದು, ಬ್ಯಾರಿಗಳಿಗೊಂದು, ಕೊಂಕಣಿ ಕ್ರೈಸ್ತರಿಗೊಂದು, ಹೀಗೆ. ಪ್ರತಿಯೊಂದಕ್ಕೂ ವಾಟ್ಸಾಪ್ ಗುಂಪು. ಕೆಲಸ ಖಾಲಿ ಇದೆ ಎಂಬ ಸುದ್ದಿ ಮೊದಲು ಬೀಳುವುದು ಆ ಗುಂಪಿಗೆ. ಹೊರಗೆ ಬರುವಷ್ಟರಲ್ಲಿ ಕೆಲಸ ಭರ್ತಿಯಾಗಿರುತ್ತದೆ. ಯಾರ ಮನೆಯಿಂದ ಈವರೆಗೆ ಒಬ್ಬರೂ ಊರು ಬಿಟ್ಟು ಹೋಗಿಲ್ಲವೋ, ಅವರ ಮಗ ಎಷ್ಟೇ ಚುರುಕಾದರೂ ಆ ಸುದ್ದಿ ಅವನ ಕಿವಿಗೆ ಬೀಳುವುದಿಲ್ಲ. ಹೆಣ್ಣುಮಕ್ಕಳಿಗೆ ಇನ್ನೂ ಕಷ್ಟ. "ಹುಡುಗಿ ಒಬ್ಬಳೇ ಹೇಗೆ ಇರ್ತಾಳೆ" ಎಂದು ಬಯೋಡೇಟಾ ಮುಂದೆ ಕಳಿಸದೆ ಬಿಡುವವರನ್ನು ನಾನು ನೋಡಿದ್ದೇನೆ. ಆ ಹುಡುಗಿಯನ್ನು ಒಂದು ಮಾತು ಕೇಳಿಯೂ ಇರುವುದಿಲ್ಲ.

ಅದಕ್ಕೇ ಜಾಬ್ ಸೈಟುಗಳ ಬಗ್ಗೆ ನನಗೆ ಗೌರವ ಇದೆ. ನೌಕ್ರಿ ಡಾಟ್ ಕಾಮ್ 1997ರಲ್ಲಿ ಶುರುವಾಯಿತು. ದುಬೈಯಲ್ಲಿ ಬೈಟ್ 2000ದಲ್ಲಿ ಬಂತು. ಲಿಂಕ್ಡ್‌ಇನ್ 2003ರದು. ಇಂಡೀಡ್, ನೌಕ್ರಿ ಗಲ್ಫ್, ಗಲ್ಫ್ ಟ್ಯಾಲೆಂಟ್ ಎಲ್ಲ ಇವೆ. ನಿನ್ನ ಮಾವ ಯಾರು, ನೀನು ಯಾರ ಮನೆಯವನು ಎಂದು ಇವು ಯಾವುವೂ ಕೇಳುವುದಿಲ್ಲ. ಬೈಂದೂರಿನ ಹುಡುಗಿಗೂ ಮುಂಬೈಯ ಹುಡುಗನಿಗೂ ಒಂದೇ ಜಾಹೀರಾತು ಕಾಣುತ್ತದೆ. ಇದು ಸಣ್ಣ ಬದಲಾವಣೆ ಅಲ್ಲ.

ಕಾಣುತ್ತದೆ, ನಿಜ. ಉತ್ತರ ಬರುವುದು ಬೇರೆ ವಿಷಯ. ನಾನು ಕಟ್ಟಡ ಕಂಟ್ರಾಕ್ಟ್ ಕಂಪನಿಯೊಂದರ ಅಕೌಂಟ್ಸ್‌ನಲ್ಲಿದ್ದೇನೆ. ನಮ್ಮ ವಿಭಾಗಕ್ಕೆ ಜನ ಬೇಕಾದಾಗ ಎಚ್ಆರ್‌ನವರ ಪಕ್ಕ ಕುಳಿತು ಬಯೋಡೇಟಾ ನೋಡುತ್ತೇನೆ. ಬೆಳಿಗ್ಗೆ ಜಾಹೀರಾತು ಹಾಕಿದರೆ ಸಂಜೆಯೊಳಗೆ ರಾಶಿ ಬೀಳುತ್ತದೆ. ಅಷ್ಟನ್ನೂ ಯಾರೂ ಓದುವುದಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ "ಟ್ಯಾಲಿ" (ಲೆಕ್ಕ ಬರೆಯುವ ಸಾಫ್ಟ್‌ವೇರ್), "ವ್ಯಾಟ್" (ಮಾರಾಟದ ಮೇಲಿನ ತೆರಿಗೆ), "ರೀಕನ್ಸಿಲಿಯೇಷನ್" (ಲೆಕ್ಕ ತಾಳೆ ಹಾಕುವುದು) ಎಂದು ಟೈಪ್ ಮಾಡುತ್ತಾರೆ. ಆ ಪದ ಇದ್ದ ಬಯೋಡೇಟಾ ಮೇಲೆ ಬರುತ್ತದೆ, ಇಲ್ಲದ್ದು ಕೆಳಗೇ ಉಳಿಯುತ್ತದೆ. ಎಷ್ಟೋ ಸಲ ಜಾಹೀರಾತನ್ನೂ ಹಾಕುವುದಿಲ್ಲ. ಸೈಟಿನಲ್ಲಿ ಈಗಾಗಲೇ ಇರುವ ಬಯೋಡೇಟಾಗಳಲ್ಲೇ ಹುಡುಕಿ ಫೋನ್ ಮಾಡುತ್ತಾರೆ. ಇತ್ತೀಚೆಗೆ ಯಾರು ಲಾಗಿನ್ ಆಗಿದ್ದಾರೆ, ಎಷ್ಟು ದಿನದಲ್ಲಿ ಸೇರಬಲ್ಲರು ಎಂದು ಸೋಸುತ್ತಾರೆ.

ನಮ್ಮ ಊರಿನ ಹುಡುಗರು ಸೋಲುವುದು ಇಲ್ಲಿ. ಉಡುಪಿಯ ಆಡಿಟರ್ ಆಫೀಸಿನಲ್ಲಿ ಕೆಲವು ವರ್ಷ ದುಡಿದ ಬಿ.ಕಾಂ. ಹುಡುಗನಿಗೆ ಬಹಳ ಕೆಲಸ ಬರುತ್ತದೆ. ಜಿಎಸ್‌ಟಿಆರ್-1, 3ಬಿ ಎಂಬ ತೆರಿಗೆ ರಿಟರ್ನ್ ತುಂಬಿರುತ್ತಾನೆ. ಹತ್ತಾರು ಅಂಗಡಿಗಳ ಟ್ಯಾಲಿ ನೋಡಿರುತ್ತಾನೆ. ಟಿಡಿಎಸ್, ಬ್ಯಾಂಕ್ ಲೆಕ್ಕ ತಾಳೆ ಹಾಕುವುದು, ಸಾಲಕ್ಕೆ ಬೇಕಾದ ಪ್ರಾಜೆಕ್ಟ್ ರಿಪೋರ್ಟ್, ಎಲ್ಲ ಅವನ ಕೈಯಲ್ಲಿ ಆಗಿರುತ್ತದೆ. ಬಯೋಡೇಟಾದಲ್ಲಿ ಬರೆಯುವುದು ಏನು? "ಶ್ರಮಜೀವಿ, ಪ್ರಾಮಾಣಿಕ, ಹೊಸದನ್ನು ಕಲಿಯುವ ಆಸಕ್ತಿ ಇದೆ." ತಂದೆಯ ಹೆಸರು, ಹುಟ್ಟಿದ ದಿನ, ಕೆಳಗೆ ಸಹಿ. ಮಾವ ಕೈಯಲ್ಲಿ ಹಿಡಿದುಕೊಂಡು ಹೋಗುವ ಬಯೋಡೇಟಾಕ್ಕೆ ಅದು ಸಾಕಿತ್ತು. ಉಳಿದದ್ದನ್ನು ಮಾವ ಬಾಯಲ್ಲಿ ಹೇಳುತ್ತಿದ್ದರು. ಸೈಟಿನಲ್ಲಿ ಹೇಳುವವರು ಯಾರೂ ಇಲ್ಲ, ಎಲ್ಲವನ್ನೂ ಆ ಕಾಗದವೇ ಹೇಳಬೇಕು. ಯುಎಇಯಲ್ಲಿ 2018ರ ಜನವರಿಯಿಂದ ಶೇ. 5 ವ್ಯಾಟ್ ಇದೆ. ಜಿಎಸ್‌ಟಿ ಮಾಡಿದವನಿಗೆ ಇದು ಏನೇನೂ ಕಷ್ಟವಲ್ಲ. ಜಿಎಸ್‌ಟಿ ಮಾಡಿದ್ದೇನೆ, ಯುಎಇಯ ವ್ಯಾಟ್ ನಿಯಮ ಓದಿಕೊಂಡಿದ್ದೇನೆ ಎಂದು ಎರಡು ಸಾಲು ಬರೆದರೆ ಅವನ ಹೆಸರು ಹುಡುಕಾಟದಲ್ಲಿ ಸಿಗುತ್ತದೆ. ಬಣ್ಣ, ಎರಡು ಕಾಲಂ, ಫೋಟೋ ಫ್ರೇಮು ಏನೂ ಬೇಡ. ಸಾಫ್ಟ್‌ವೇರ್ ಓದುವಾಗ ಅವೆಲ್ಲ ಕಲಸಿಹೋಗುತ್ತವೆ.

ಇನ್ನು ರಿಕ್ರೂಟರ್ ಎಂಬ ಮಧ್ಯದವರು. ಊರಿನಲ್ಲಿ ಇವರನ್ನು ಮಾವನ ಜಾಗದಲ್ಲಿ ಇಟ್ಟು ನೋಡುತ್ತಾರೆ. "ಕನ್ಸಲ್ಟೆನ್ಸಿಯವರು ನನಗೆ ಕೆಲಸ ಹುಡುಕ್ತಾ ಇದ್ದಾರೆ" ಎಂದು ತಿಂಗಳುಗಟ್ಟಲೆ ಕಾಯುತ್ತಾರೆ. ಅವರು ನಿಮಗೆ ಕೆಲಸ ಹುಡುಕುತ್ತಿಲ್ಲ, ಕಂಪನಿಗೆ ಜನ ಹುಡುಕುತ್ತಿದ್ದಾರೆ. ಭಾರತದಲ್ಲಿ ಅವರಿಗೆ ದುಡ್ಡು ಕೊಡುವುದು ಕಂಪನಿ. ಸಾಮಾನ್ಯವಾಗಿ ಸೇರಿದವರ ವರ್ಷದ ಸಂಬಳದ ಶೇ. 8.33, ಅಂದರೆ ಒಂದು ತಿಂಗಳಿನದು. ಸೇರಿದವನು ಕೆಲವು ತಿಂಗಳಲ್ಲೇ ಬಿಟ್ಟರೆ ಬೇರೆಯವರನ್ನು ಪುಕ್ಕಟೆ ಹುಡುಕಿ ಕೊಡಬೇಕಾಗುತ್ತದೆ. ಆ ಕೆಲಸಕ್ಕೆ ನೀವು ಹೊಂದದಿದ್ದರೆ ಅವರು ಫೋನ್ ಎತ್ತುವುದಿಲ್ಲ. ಅದು ನಿಮ್ಮ ಮೇಲಿನ ಸಿಟ್ಟಲ್ಲ. ಅವರಿಂದ ಕರುಣೆ ನಿರೀಕ್ಷಿಸಬೇಡಿ, ಮಾಹಿತಿ ಕೇಳಿ. ಯಾವ ಕಂಪನಿ, ಯಾಕೆ ಜಾಗ ಖಾಲಿಯಾಯಿತು, ಸಂಬಳ ಎಷ್ಟರವರೆಗೆ ಇದೆ. ಒಳ್ಳೆಯ ರಿಕ್ರೂಟರ್ ಇದಕ್ಕೆ ಸರಿಯಾಗಿ ಉತ್ತರ ಕೊಡುತ್ತಾರೆ.

ದುಡ್ಡು ಕೊಡುವವರು ಕಂಪನಿ ಎಂದು ಗೊತ್ತಾದರೆ ಇನ್ನೊಂದು ವಿಷಯವೂ ತಿಳಿಯುತ್ತದೆ. ರಿಜಿಸ್ಟ್ರೇಷನ್‌ಗೆ ಇಷ್ಟು, ಲ್ಯಾಪ್‌ಟಾಪ್ ಡೆಪಾಸಿಟ್ ಇಷ್ಟು, ಟ್ರೈನಿಂಗ್‌ಗೆ ಇಷ್ಟು ಎಂದು ನಿಮ್ಮನ್ನೇ ಕೇಳುವವರು ರಿಕ್ರೂಟರ್‌ಗಳೇ ಅಲ್ಲ.

ವಿದೇಶದ ಕೆಲಸದಲ್ಲಿ ಲೆಕ್ಕ ಸ್ವಲ್ಪ ಬೇರೆ. ಇದನ್ನು ಊರಿನಲ್ಲಿ ಪ್ರತಿಯೊಬ್ಬರೂ ತಿಳಿದಿರಬೇಕು. 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ವಿದೇಶಕ್ಕೆ ಜನ ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅವರ ಪಟ್ಟಿ ಇ-ಮೈಗ್ರೇಟ್ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿದೆ. ಅಂಥವರು ಕೆಲಸಕ್ಕೆ ಹೋಗುವವರಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ, ರಸೀದಿ ಕೊಡಬೇಕು. ಯುಎಇಯ ಕಾನೂನು ಇನ್ನೂ ಬಿಗಿ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾಯ್ದೆ, ನೇಮಕದ ಖರ್ಚನ್ನು ಕೆಲಸಗಾರನಿಂದ ನೇರವಾಗಿಯೂ ವಸೂಲಿ ಮಾಡಬಾರದು, ಸುತ್ತುಬಳಸಿಯೂ ಮಾಡಬಾರದು ಎನ್ನುತ್ತದೆ. ಹಾಗಿರುವಾಗ ಮನೆಯ ಚಿನ್ನ ಅಡವಿಟ್ಟು ವೀಸಾಕ್ಕೆ ಲಕ್ಷಗಟ್ಟಲೆ ಕೊಡುವುದು ಯಾವ ನ್ಯಾಯ?

ಆ ಲಕ್ಷ ಎಷ್ಟರವರೆಗೆ ಹೋಗಬಹುದು ಎಂಬುದಕ್ಕೆ 2015ರ ಕುವೈತ್ ನರ್ಸ್ ನೇಮಕದ ಪ್ರಕರಣ ನೋಡಿ. ಒಬ್ಬೊಬ್ಬರಿಂದ 19,500 ರೂಪಾಯಿ ತೆಗೆದುಕೊಳ್ಳಬೇಕಿದ್ದ ಕೊಚ್ಚಿಯ ಏಜೆನ್ಸಿಯೊಂದು 19.5 ಲಕ್ಷ ತೆಗೆದುಕೊಂಡಿತು ಎಂಬುದು ಸಿಬಿಐ ದಾಖಲಿಸಿದ ಆರೋಪ. ನರ್ಸಿಂಗ್ ಕಾಲೇಜುಗಳೇ ತುಂಬಿರುವ ಮಂಗಳೂರಿನವರಿಗೆ ಇದು ದೂರದ ಸುದ್ದಿ ಅಲ್ಲ. 2022ರಲ್ಲಿ ವಿದೇಶಾಂಗ ಇಲಾಖೆ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಥಾಯ್ಲೆಂಡಿನಲ್ಲಿ ಐಟಿ ಕೆಲಸ ಎಂದು ಕರೆಸಿ, ಗಡಿ ದಾಟಿಸಿ ಮ್ಯಾನ್ಮಾರ್‌ಗೆ ಕರೆದೊಯ್ದು, ಅಲ್ಲಿ ಆನ್‌ಲೈನ್ ಮೋಸ ಮಾಡುವ ಕೆಲಸಕ್ಕೆ ಕೂಡಿಹಾಕುತ್ತಿದ್ದರು. ಜಾಹೀರಾತು ಸೋಷಿಯಲ್ ಮೀಡಿಯಾದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಈ ಹೊಸ ಪದ್ಧತಿಯಲ್ಲಿ ಬಾಗಿಲು ಎಲ್ಲರಿಗೂ ತೆರೆದಿದೆ, ಆದರೆ ಬಾಗಿಲ ಹಿಂದೆ ಯಾರಿದ್ದಾರೆ ಎಂದು ನೋಡಿ ಹೇಳುವವರಿಲ್ಲ.

ಹೊರಗಿರುವ ನಮ್ಮ ಕೆಲಸ ಅದು ಎಂದು ನನ್ನ ನಂಬಿಕೆ. "ಕೆಲಸ ಕೊಡಿಸಿ" ಎಂದರೆ ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಏನೂ ಇಲ್ಲ. ಕಂಪನಿಗಳು ದೊಡ್ಡವಾಗಿವೆ, ನಮ್ಮ ಒಂದು ಮಾತಿಗೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಆದರೆ ಊರಿನಲ್ಲಿ ಕೂತವರಿಗೆ ಕಾಣದ್ದು ನಮಗೆ ಕಾಣುತ್ತದೆ. ಆ ಕಂಪನಿಯ ಆಫೀಸು ನಿಜವಾಗಿ ಇದೆಯಾ ಎಂದು ಹೋಗಿ ನೋಡಬಹುದು. ಆಫರ್ ಲೆಟರ್ ಇಲ್ಲಿನ ಕಾರ್ಮಿಕ ಸಚಿವಾಲಯದ ಮೂಲಕ ಬಂದದ್ದೋ, ಸುಮ್ನೆ ಲೆಟರ್‌ಹೆಡ್‌ನಲ್ಲಿ ಪ್ರಿಂಟ್ ಮಾಡಿದ್ದೋ ಎಂದು ಅದರ ನಂಬರ್ ಹಾಕಿ ಪರಿಶೀಲಿಸಬಹುದು. ವಿಸಿಟ್ ವೀಸಾದಲ್ಲಿ ಬಾ, ಕೆಲಸ ಶುರು ಮಾಡು, ವೀಸಾ ಆಮೇಲೆ ಎಂದರೆ ಅದು ಇಲ್ಲಿ ಕಾನೂನಿಗೆ ವಿರುದ್ಧ ಎಂದು ಖಡಾಖಂಡಿತ ಹೇಳಬಹುದು. 2024ರ ತಿದ್ದುಪಡಿಯ ನಂತರ ಹಾಗೆ ದುಡಿಸಿಕೊಳ್ಳುವ ಕಂಪನಿಗೆ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡ ಇದೆ.

ಸಂಬಳದ ಒಳಗುಟ್ಟನ್ನೂ ನಾವೇ ಬಿಡಿಸಿ ಹೇಳಬೇಕು. ಎರಡು ಆಫರ್ ಇವೆ ಎಂದುಕೊಳ್ಳಿ, ಎರಡೂ 4,000 ದಿರ್ಹಮ್. ಒಂದರಲ್ಲಿ ಬೇಸಿಕ್, ಅಂದರೆ ಮೂಲ ಸಂಬಳ, 1,500, ಇನ್ನೊಂದರಲ್ಲಿ 2,400. ಉಳಿದದ್ದು ಭತ್ಯೆ. ಊರಿನಿಂದ ನೋಡುವವರಿಗೆ ಎರಡೂ ಒಂದೇ. ಆದರೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಲೆಕ್ಕ ಬೇಸಿಕ್ ಮೇಲೆ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್. ಮೊದಲನೆಯದರಲ್ಲಿ ವರ್ಷಕ್ಕೆ 1,050 ಸಿಗುತ್ತದೆ, ಎರಡನೆಯದರಲ್ಲಿ 1,680. ರೂಮು ಕಂಪನಿಯದ್ದೋ, ಸ್ವಂತವೋ? ಶಾರ್ಜಾದಲ್ಲಿ ಬೆಡ್‌ಸ್ಪೇಸ್ (ಹಂಚಿಕೊಂಡ ರೂಮಿನಲ್ಲಿ ಒಂದು ಹಾಸಿಗೆಯ ಜಾಗ) ಹಿಡಿದು ದಿನಾ ದುಬೈಗೆ ಬರುವುದಾದರೆ ದಾರಿಯಲ್ಲಿ ಹೋಗುವ ಹೊತ್ತು ಎಷ್ಟು? ಇಂಥದ್ದನ್ನೆಲ್ಲ ಯಾವ ಸೈಟೂ ಹೇಳುವುದಿಲ್ಲ. ಹತ್ತು ನಿಮಿಷದ ಫೋನಿನಲ್ಲಿ ನಾವು ಹೇಳಬಹುದು.

ಇದನ್ನು ನಮ್ಮ ಸಮುದಾಯದ ಗುಂಪಿಗೆ ಮಾತ್ರ ಹೇಳಿದರೆ ಹಳೆಯ ಕಥೆಯೇ ಮುಂದುವರಿಯುತ್ತದೆ. ನಿಮ್ಮ ಕಂಪನಿಯಲ್ಲಿ ಜಾಗ ಖಾಲಿ ಇದ್ದರೆ ಆ ಜಾಹೀರಾತಿನ ಲಿಂಕನ್ನು ನೀವು ಓದಿದ ಕಾಲೇಜಿಗೂ ಕಳಿಸಿ. ಕುಂದಾಪುರ, ಕಾರ್ಕಳ, ಪುತ್ತೂರಿನ ಸರ್ಕಾರಿ ಕಾಲೇಜುಗಳಿಗೆ, ಐಟಿಐಗಳಿಗೆ ಕಳಿಸಿ. ಅಲ್ಲಿನ ಮೇಷ್ಟ್ರು ಯಾರಿಗೆ ಕೊಡಬೇಕೋ ಅವರಿಗೆ ಕೊಡುತ್ತಾರೆ. ಇದರಿಂದ ನಮ್ಮವರಿಗೆ ಅವಕಾಶ ಕಡಿಮೆಯಾಗುತ್ತದೆ ಎನ್ನುವವರಿಗೆ ನನ್ನ ಉತ್ತರ: ಬೈಂದೂರಿನಿಂದ ಸುಳ್ಯದವರೆಗೆ ಎಲ್ಲರೂ ನಮ್ಮವರೇ.

ಊರಿನ ಕಂಪನಿಗಳಿಗೂ ಒಂದು ಮಾತು ಇದೆ. ವಾಪಸ್ ಬರಬೇಕು ಎಂದು ಆಸೆ ಇರುವವರು ಇಲ್ಲಿ ತುಂಬ ಜನ ಇದ್ದೇವೆ. ತಂದೆ ತಾಯಿಗೆ ವಯಸ್ಸಾಗಿದೆ, ಮಕ್ಕಳು ಊರಿನಲ್ಲಿ ಬೆಳೆಯಲಿ ಎನಿಸುತ್ತದೆ. ಸೈಟಿನಲ್ಲಿ ಮಂಗಳೂರು ಎಂದು ಹಾಕಿ ಹುಡುಕಿದರೆ ಸಿಗುವುದು ಸ್ವಲ್ಪವೇ. ಕೆಲಸ ಇಲ್ಲ ಎಂದಲ್ಲ. ಕಂಕನಾಡಿಯಲ್ಲೋ ಮಣಿಪಾಲದಲ್ಲೋ ಆಫೀಸು ಇಟ್ಟವರು ಈಗಲೂ ಇರುವ ಸ್ಟಾಫಿನ ಹತ್ತಿರ "ಯಾರಾದ್ರೂ ಗುರ್ತದವರು ಇದ್ದಾರಾ" ಎಂದು ಕೇಳಿ ಜಾಗ ತುಂಬುತ್ತಾರೆ. ದಯವಿಟ್ಟು ಜಾಹೀರಾತು ಹಾಕಿ. ಸಂಬಳವನ್ನೂ ಬರೆಯಿರಿ. ಕಡಿಮೆ ಎಂದು ಸಂಕೋಚ ಬೇಡ, ಕಡಿಮೆ ಎಂದು ಗೊತ್ತಿದ್ದೇ ನಾವು ಹುಡುಕುತ್ತಿದ್ದೇವೆ.

ನನಗೆ ಮೆಸೇಜ್ ಮಾಡುವ ತಮ್ಮ ತಂಗಿಯರಲ್ಲಿ ನನ್ನ ಕೋರಿಕೆ ಇಷ್ಟೇ. "ಕೆಲಸ ಉಂಟಾ" ಎಂದು ಕೇಳುವ ಬದಲು ಮೂರು ವಸ್ತು ಕಳಿಸಿ: ನೀವು ಅರ್ಜಿ ಹಾಕಿದ ಜಾಹೀರಾತಿನ ಲಿಂಕ್, ಅದಕ್ಕೆ ಕಳಿಸಿದ ಬಯೋಡೇಟಾ, ಆಫರ್ ಬಂದಿದ್ದರೆ ಅದರ ಪ್ರತಿ. ಮಾವನ ಹತ್ತಿರ ಹೇಳಿಸಬೇಡಿ, ನೀವೇ ಬರೆಯಿರಿ. ಯಾರ ಮನೆಯವರು ಎಂದು ನಾನು ಕೇಳುವುದಿಲ್ಲ. ಶುಕ್ರವಾರ ಮಧ್ಯಾಹ್ನದ ಮೇಲೆ ನಮಗೆ ಆಫೀಸು ಇಲ್ಲ, ಆಗ ಕೂತು ಓದಿ ಉತ್ತರ ಕೊಡುತ್ತೇನೆ. ದುಡ್ಡು ಕಟ್ಟುವ ಮೊದಲು ಕಳಿಸಿ.