ಚಂದ ಉಂಟು, ಸರಿ. ಎಂತ ಚಂದ ಉಂಟು?

ನಮ್ಮ ಕಾಸರಗೋಡಿನಲ್ಲಿ ಒಂದು ಫೋಟೋ ತೋರಿಸಿದರೆ ಮೂರು ಭಾಷೆಯಲ್ಲಿ ಹೊಗಳಿಕೆ ಬರುತ್ತದೆ. ಮಲಯಾಳದಲ್ಲಿ ‘ಅಡಿಪೊಳಿ’, ತುಳುವಿನಲ್ಲಿ ‘ಭಾರೀ ಪೊರ್ಲು’, ಕನ್ನಡದಲ್ಲಿ ‘ಸೂಪರ್ ಅಣ್ಣ’. ಮೂರನ್ನೂ ಕೂಡಿಸಿದರೂ ಆ ಫೋಟೋದಲ್ಲಿ ಎಂತ ಚಂದ ಉಂಟು ಅಂತ ತೆಗೆದವನಿಗೆ ಗೊತ್ತಾಗುವುದಿಲ್ಲ. ನಾನೂ ಹೀಗೆ ಹೇಳಿದವನೇ. ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಫೋಟೋ ಸರಿಯಾಗಿ ತೆರೆಯುವ ಮೊದಲೇ ‘ಸೂಪರ್’ ಒತ್ತಿದವನೇ.

ಇನ್ನೊಂದು ಜಾತಿ ಉಂಟು. ತಪ್ಪು ಹುಡುಕುವವರದ್ದು. ಅದರಲ್ಲೂ ನಾನಿದ್ದೆ. ಸ್ವಲ್ಪ ಜಾಸ್ತಿಯೇ ಇದ್ದೆ.

ನಾಲ್ಕು ವರ್ಷದ ಹಿಂದಿನ ಮಾತು. ಪತ್ತನಾಜೆಗೆ ಹತ್ತು ದಿನ ಇತ್ತು. ನಮ್ಮಲ್ಲಿ ಆ ವರ್ಷದ ದೈವದ ನೇಮ, ಅಂದರೆ ಭೂತಕೋಲ, ಮುಗಿಯುವ ದಿನ ಅದು. ಬದಿಯಡ್ಕ ಕಡೆಯ ಹುಡುಗನೊಬ್ಬ, ಆಗಷ್ಟೇ ಸೆಕೆಂಡ್‌ಹ್ಯಾಂಡ್ ಕ್ಯಾಮರಾ ತೆಗೆದುಕೊಂಡವ, ಅವರ ತರವಾಡಿನ, ಅಂದರೆ ಕುಟುಂಬದ ಮೂಲಮನೆಯ, ನೇಮದ ಫೋಟೋ ತೋರಿಸಿದ. ಭಾನುವಾರ ಸಂಜೆ, ಚಹಾದಂಗಡಿಯಲ್ಲಿ ಫೋಟೋ ತೆಗೆಯುವ ನಾವು ಏಳೆಂಟು ಜನ ಇದ್ದೆವು. ಲ್ಯಾಪ್‌ಟಾಪ್ ನನ್ನ ಕಡೆಗೆ ತಿರುಗಿಸಿ ‘ನೋಡಿ ಅಣ್ಣ, ಹೇಗುಂಟು ಹೇಳಿ’ ಅಂದ. ನಾನು ಹೇಳಿದೆ. ಅಣಿ, ದೈವದ ಬೆನ್ನಿಗೆ ಕಟ್ಟುವ ಆ ದೊಡ್ಡ ಪ್ರಭಾವಳಿ, ಮೇಲೆ ಕಟ್ ಆಗಿದೆ. ಹಿಂದಿನ ಟ್ಯೂಬ್‌ಲೈಟು ದೈವದ ತಲೆಯಿಂದ ಕೊಂಬು ಬಂದ ಹಾಗೆ ಕಾಣುತ್ತದೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮರಾದ ಸೂಕ್ಷ್ಮತೆ, ಯಾಕೆ ಇಷ್ಟು ಏರಿಸಿದ್ದಿ? ಕೆಂಪು ಪೂರಾ ಹೋಗಿದೆ, ಬಟ್ಟೆಯ ಮಡಿಕೆಯೇ ಕಾಣುವುದಿಲ್ಲ.

ಒಂದು ಮಾತೂ ಸುಳ್ಳಲ್ಲ. ಕೆಂಪಿನ ವಿಷಯವಂತೂ ಹೇಳಲೇಬೇಕಾದದ್ದು. ಮಲಯಾಳದವರ ತೆಯ್ಯವಾಗಲಿ ನಮ್ಮ ನೇಮವಾಗಲಿ, ಪಂಜಿನಂಥ ಸೂಟೆಯ ಬೆಳಕಿನಲ್ಲಿ ಕೆಂಪು ಬಟ್ಟೆ ತೆಗೆಯುವಾಗ ಕ್ಯಾಮರಾದ ಬೆಳಕಿನ ಗ್ರಾಫ್ ಎಲ್ಲ ಸರಿ ಉಂಟು ಅಂತಲೇ ತೋರಿಸುತ್ತದೆ. ಆದರೆ ಕೆಂಪು ಬಣ್ಣ ಒಂದೇ ಆಗಲೇ ತುಂಬಿ ಚೆಲ್ಲಿರುತ್ತದೆ. ಮೂರು ಬಣ್ಣದ ಗ್ರಾಫನ್ನು ಬೇರೆಬೇರೆಯಾಗಿ ನೋಡಿ, ಎಕ್ಸ್‌ಪೋಶರ್ ಸ್ವಲ್ಪ ಇಳಿಸಿದರೆ ಮಡಿಕೆ ಉಳಿಯುತ್ತದೆ. ಇಷ್ಟನ್ನು ಹೇಳಿದ್ದರೆ ಮುಂದಿನ ನೇಮಕ್ಕೆ ಅವನಿಗೆ ಉಪಯೋಗ ಆಗುತ್ತಿತ್ತು. ನಾನು ‘ಕೆಂಪು ಹೋಗಿದೆ’ ಅಂದೆ, ಅಷ್ಟೆ. ಅದೂ ಎಂಟು ಜನರ ಎದುರು. ಹುಡುಗ ‘ಹೌದಣ್ಣ’ ಅಂತ ಲ್ಯಾಪ್‌ಟಾಪ್ ಮುಚ್ಚಿದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದ್ದಕ್ಕೂ ಇಲ್ಲ.

ಆಮೇಲೆ ಒಂದು ದಿನ ಯಾವುದೋ ಕೆಲಸಕ್ಕೆ ಅವನ ಮನೆಗೆ ಹೋಗಬೇಕಾಗಿ ಬಂತು. ಚಾವಡಿಯ ಗೋಡೆಯಲ್ಲಿ ಅದೇ ಫೋಟೋ, ಎರಡಡಿ ಅಗಲಕ್ಕೆ ಪ್ರಿಂಟ್ ಹಾಕಿ ಚೌಕಟ್ಟು ಕಟ್ಟಿಸಿದ್ದರು. ದೊಡ್ಡದಾಗಿ ನೋಡುವಾಗ ಕೆಳಗಿನ ಎಡಮೂಲೆಯಲ್ಲಿ ಒಬ್ಬರು ಅಜ್ಜಿ ಕಂಡರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾರೆ. ಎರಡೂ ಅಂಗೈ ಮುಂದೆ ಚಾಚಿದ್ದಾರೆ. ಅಂಗೈಯಲ್ಲಿ ನಾಲ್ಕು ಹಿಂಗಾರದ, ಅಂದರೆ ಅಡಿಕೆ ಹೂವಿನ, ಎಸಳು. ದೈವ ಅವರ ಕಡೆಗೆ ಬಗ್ಗಿದೆ. ‘ನಮ್ಮ ಅಜ್ಜಿ. ಮಂಡಿನೋವಾಗಿ ಎರಡು ವರ್ಷ ನೇಮಕ್ಕೆ ಬಂದಿರಲಿಲ್ಲ, ಆ ಸಲ ಕುರ್ಚಿ ಸಮೇತ ಎತ್ತಿಕೊಂಡು ಬಂದೆವು’ ಅಂದ ಹುಡುಗ. ಅಣಿ ಪೂರ್ತಿ ಬರಬೇಕು ಅಂತ ಅವನು ಹಿಂದೆ ಸರಿದಿದ್ದರೆ ಆ ಎಸಳು ಕಾಣುತ್ತಿರಲಿಲ್ಲ. ಅವನು ಅಜ್ಜಿಯ ಫೋಟೋ ತೆಗೆದಿದ್ದ. ನಾನು ದೈವದ ಫೋಟೋಗೆ ಮಾರ್ಕ್ ಹಾಕಿದ್ದೆ.

ನನಗೆ ಫೋಟೋ ನೋಡಲು ಕಲಿಸಿದವರು ಕುಂಬಳೆ ಕಡೆಯ ಒಬ್ಬರು ಹಳೇ ಸ್ಟುಡಿಯೋದವರು. ಎಲ್ಲರಿಗೂ ಸ್ಟುಡಿಯೋ ಮಾವ. ಅವರ ಮೇಜಿನ ಡ್ರಾಯರಿನಲ್ಲಿ ಬಡಗಿಯ ಮೂಲೆಮಟ್ಟದ ಆಕಾರದ ಎರಡು ರಟ್ಟಿನ ತುಂಡು ಇರುತ್ತಿತ್ತು, ಮದುವೆ ಕಾಗದದ ದಪ್ಪ ರಟ್ಟು ಕತ್ತರಿಸಿ ಮಾಡಿದ್ದು. ನಾವು ಪ್ರಿಂಟ್ ತೆಗೆದುಕೊಂಡು ಹೋದರೆ ಮಾವ ಬಾಯಿ ಬಿಡುತ್ತಿರಲಿಲ್ಲ. ಎರಡೂ ತುಂಡನ್ನು ಪ್ರಿಂಟಿನ ಮೇಲೆ ಇಟ್ಟು ಚೌಕ ಮಾಡುತ್ತಿದ್ದರು. ಮೆಲ್ಲ ಒಳಗೆ ತಳ್ಳುತ್ತಿದ್ದರು. ಎಡಗಡೆಯ ಮರ ಹೋಯಿತು. ಆಕಾಶ ಅರ್ಧ ಹೋಯಿತು. ಮತ್ತೆ ಸ್ವಲ್ಪ ಹೊರಗೆ. ಆಮೇಲೆ ತಲೆ ಎತ್ತಿ ‘ನಿನಗೆ ಇದರಲ್ಲಿ ಎಂತ ಬೇಕಿತ್ತು ಮಾರಾಯ?’ ಅಂತ ಒಂದೇ ಪ್ರಶ್ನೆ. ಉತ್ತರ ಕೊಡಲು ಹೊರಟರೆ ತಪ್ಪು ಎಲ್ಲಿ ಅಂತ ನಮಗೇ ಕಾಣುತ್ತಿತ್ತು. ಅವರ ಹತ್ತಿರ ಕಲಿತೂ ನಾನು ಆ ಹುಡುಗನಿಗೆ ಆ ಪ್ರಶ್ನೆ ಕೇಳಲಿಲ್ಲ ಅಲ್ವಾ, ಅದೇ ಈಗಲೂ ಚುಚ್ಚುತ್ತದೆ.

ಹಾಗಂತ ತಪ್ಪು ಹೇಳಲೇಬಾರದು ಅನ್ನುವವರ ಜೊತೆ ನಾನಿಲ್ಲ. ಎರಡು ಹೊಗಳಿಕೆಯ ನಡುವೆ ಒಂದು ತಪ್ಪು ಅಡಗಿಸಿ ಹೇಳಿ ಅನ್ನುತ್ತಾರೆ ಕೆಲವರು. ಬಾಳೆಹಣ್ಣಿನೊಳಗೆ ಮಾತ್ರೆ ಇಟ್ಟು ಕೊಡುವ ಕ್ರಮ. ನಮ್ಮ ಹಟ್ಟಿಯ ದನವೂ ಹಣ್ಣು ತಿಂದು ಮಾತ್ರೆ ಉಗುಳುತ್ತದೆ. ಫೋಟೋ ತೆಗೆಯುವವರು ಅದಕ್ಕಿಂತ ಹುಷಾರು, ಹಣ್ಣು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ.

ತಪ್ಪನ್ನು ನೇರವಾಗಿಯೇ ಹೇಳಿ. ಆದರೆ ಅವನು ನಾಳೆ ಮಾಡಬಹುದಾದ ಕೆಲಸದ ರೂಪದಲ್ಲಿ ಹೇಳಿ. ಕಳೆದ ವರ್ಷ ಒಬ್ಬ ಯಕ್ಷಗಾನದ ಫೋಟೋ ತಂದಿದ್ದ. ಎಲ್ಲದರಲ್ಲೂ ಅಡ್ಡಕ್ಕೆ ಕಪ್ಪು ಪಟ್ಟೆ. ಮೂವರು ಮೂರು ತರದ ಎಡಿಟಿಂಗ್ ಆ್ಯಪ್ ಹೇಳಿಕೊಟ್ಟರು. ಪಟ್ಟೆ ಯಾಕೆ ಬಂತು ಅಂತ ಒಬ್ಬರೂ ಕೇಳಲಿಲ್ಲ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ರಂಗಸ್ಥಳಕ್ಕೆ ಕಟ್ಟುವ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ. ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 1/1000 ಇಟ್ಟರೆ ಸೆನ್ಸರಿನ ಒಂದೊಂದು ಸಾಲಿಗೆ ಒಂದೊಂದು ಕ್ಷಣದ ಬೆಳಕು ಸಿಗುತ್ತದೆ. ಒಂದು ಸಾಲಿಗೆ ಮಿನುಗಿದಾಗಿನ ಬೆಳಕು, ಇನ್ನೊಂದಕ್ಕೆ ಮಂಕಾದಾಗಿನದು. ಅದೇ ಪಟ್ಟೆ. 1/100 ಅಥವಾ 1/50ಕ್ಕೆ ಇಳಿಸಿದರೆ ಎಲ್ಲ ಸಾಲಿಗೂ ಸಮನಾಗಿ ಬೀಳುತ್ತದೆ. ಆಗ ಇನ್ನೊಂದು ತಾಪತ್ರಯ, ಧೀಂಗಿಣ ಹಾಕಿ ಗಿರಗಿರ ತಿರುಗುತ್ತ ಹಾರುವಾಗ ವೇಷ ಅಲುಗಿ ಮಸುಕಾಗುತ್ತದೆ. ಹಾಗಾಗಿ ವೇಷ ತಿರುಗಿ ನಿಲ್ಲುವ, ಚಂಡೆಯ ಪೆಟ್ಟು ಮುಗಿಯುವ ಆ ಅರೆಕ್ಷಣಕ್ಕೆ ಕಾಯಬೇಕು. ಯಕ್ಷಗಾನದ ಆಟ ಗೊತ್ತಿದ್ದವನಿಗೆ ಅದು ಮೊದಲೇ ಗೊತ್ತಾಗುತ್ತದೆ. ಅವನಿಗೆ ಇಷ್ಟೇ ಹೇಳಿದೆ. ಮುಂದಿನ ಆಟಕ್ಕೆ ಹೋಗಿ ಬಂದು, ನಾನು ಕೇಳದೆಯೇ ಫೋಟೋ ಕಳಿಸಿದ.

ಕಳಿಸಿದ್ದು ವಾಟ್ಸಾಪಿನಲ್ಲಿ. ಅದೂ ಒಂದು ವಿಷಯ. ವಾಟ್ಸಾಪಿನಲ್ಲಿ ಫೋಟೋವಾಗಿ ಬಂದದ್ದು ಕುಗ್ಗಿ ಬರುತ್ತದೆ. ಅದನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿ ‘ಶಾರ್ಪ್ ಇಲ್ಲ’ ಅಂದರೆ ನಾವು ಬೈಯುವುದು ವಾಟ್ಸಾಪಿಗೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಮೇಲೆ ಬಾಯಿ ಬಿಡಿ.

ಫೋಟೋ ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಬೇಕು. ಹಕ್ಕಿಯ ಫೋಟೋ ಕಂಡ ಕೂಡಲೇ ‘ಆ ಅಡ್ಡ ರೆಂಬೆ ಅಳಿಸಿಬಿಡು’ ಅನ್ನುವವರು ತುಂಬ. ಮನೆಗೋಡೆಗೆ ಹಾಕುವುದಾದರೆ ಅಳಿಸಲಿ. ಅಂತಾರಾಷ್ಟ್ರೀಯ ಸ್ಪರ್ಧೆಯ ನೇಚರ್ ವಿಭಾಗಕ್ಕೆ ಕಳಿಸುವುದಾದರೆ, ಇದ್ದದ್ದನ್ನು ಅಳಿಸಿದರೆ ಫೋಟೋ ಹೊರಗೆ. ಅಲ್ಲಿ ಕ್ರಾಪ್ ಮಾಡಬಹುದು, ರೆಂಬೆ ತೆಗೆಯುವ ಹಾಗಿಲ್ಲ. ನಮ್ಮ ಬಿಟ್ಟಿ ಸಲಹೆ ನಂಬಿ ಪಾಪ ಯಾರೋ ಎಂಟ್ರಿ ಫೀಸು ಕಳೆದುಕೊಳ್ಳುತ್ತಾರೆ.

ಬೇಕಲ ಕೋಟೆಯಿಂದ ತೆಗೆದ ಸಮುದ್ರ ಒಂದು ಕಡೆಗೆ ವಾಲಿದ್ದರೆ ಮಾತ್ರ ಏನೂ ಕೇಳಬೇಡಿ, ನೆಟ್ಟಗೆ ಮಾಡು ಅನ್ನಿ. ನೀರು ಚೆಲ್ಲುತ್ತದೆ.

ಬಾಯಾರಿನ ಸುರಂಗದ ಫೋಟೋ ಒಂದು ನೆನಪಾಗುತ್ತದೆ. ಮುರಕಲ್ಲು ಕೊರೆದು ಗುಡ್ಡದೊಳಗೆ ಹೋದ ನೀರಿನ ಸುರಂಗ, ಒಳಗೆ ಬಗ್ಗಿ ನಿಂತ ಒಬ್ಬರು ಕೆಲಸದವರು, ಕೈಯಲ್ಲಿ ಮೇಣದಬತ್ತಿ. ಮುಕ್ಕಾಲು ಫೋಟೋ ಕಪ್ಪು. ‘ಶ್ಯಾಡೋ ಎತ್ತು, ಏನೂ ಕಾಣುವುದಿಲ್ಲ’ ಅಂದರು ಒಬ್ಬರು. ಸುರಂಗದೊಳಗೆ ಏನೂ ಕಾಣುವುದಿಲ್ಲ ಮಾರಾಯ್ರೇ, ಅದೇ ಫೋಟೋ.

ಆ ಬದಿಯಡ್ಕದ ಹುಡುಗ ಈಗ ಮತ್ತೆ ಬರುತ್ತಾನೆ. ನಾನೇ ಹೋಗಿ ಕರೆದೆ, ಎರಡು ಸಲ. ಮೊನ್ನೆ ಒಂದು ಫೋಟೋ ಕಳಿಸಿದ, ಡಾಕ್ಯುಮೆಂಟ್ ಆಗಿಯೇ. ಅಂಗಳದ ತುಂಬ ಒಣಗಲು ಹಾಕಿದ ಅಡಿಕೆ, ಇಳಿಬಿಸಿಲು, ಅಡಿಕೆಯ ಮೇಲೆ ಅಜ್ಜಿಯ ಉದ್ದ ನೆರಳು. ನಾನು ‘ಅಡಿಪೊ’ವರೆಗೆ ಒತ್ತಿ ಅಳಿಸಿದೆ. ಹತ್ತು ನಿಮಿಷ ನೋಡಿದೆ. ಕಣ್ಣು ಮೊದಲು ನೆರಳಿಗೆ ಹೋಗುತ್ತದೆ, ಅಲ್ಲಿಂದ ಅಜ್ಜಿಯ ಕಾಲಿಗೆ, ಆಮೇಲೆ ಬಲಮೂಲೆಯ ಒಂದು ನೀಲಿ ಪ್ಲಾಸ್ಟಿಕ್ ಚೀಲಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗೆಯೇ ಬರೆದೆ. ಕೊನೆಗೆ ‘ಆ ಚೀಲ ಬೇಕಿತ್ತಾ?’ ಅಂತ ಕೇಳಿದೆ.

‘ಅಜ್ಜಿಯ ಎಲೆಅಡಿಕೆ ಚೀಲ ಅದು ಅಣ್ಣ. ಇರಲಿ’ ಅಂತ ಉತ್ತರ ಬಂತು.